ಹಿಂಗಾಗಿದ್ರ ಹೆಂಗ? ನಡೆಯದೇ ಹೋದ ಚರಿತ್ರೆ ಬರೆಯುವವರಿಗೆ ಒಂದು ಕೈಪಿಡಿ

"ಬ್ರಿಟಿಷರು ಬರದೇ ಇದ್ದಿದ್ದರೆ?" "ಧಾರವಾಡ ಮುಂಬೈ ರಾಜ್ಯದಲ್ಲೇ ಉಳಿದಿದ್ದರೆ?" "ಕಂಪ್ಯೂಟರಿಗೆ ಕನ್ನಡ ಹತ್ತು ವರ್ಷ ಮೊದಲೇ ಬಂದಿದ್ದರೆ?" ಇಂಥದ್ದರ ಮೇಲೆ ಬರೆಯೋದು ಹೇಗೆ ಅಂತ ಕೇಳುವ ಓದುಗರು ಜಾಸ್ತಿಯಾಗಿದ್ದಾರೆ. ಕೆಲವರಿಗೆ ಕಾಲೇಜಿನ ಚರ್ಚಾಸ್ಪರ್ಧೆ ಇದೆ. ಕೆಲವರು ಕಥೆ ಬರೆಯಬೇಕು ಅಂತಿದ್ದಾರೆ. ಕಾನೂನು ಓದುವ ಹುಡುಗರಿಗೆ ಸೆಮಿನಾರ್. ಇನ್ನು ಕೆಲವರು ಗಿರ್ಮಿಟ್ ತಿನ್ನುತ್ತಾ ಶುರು ಮಾಡಿದ ವಾದ ಮುಗಿಯದೆ ನನ್ನ ಹತ್ತಿರ ಪಂಚಾಯಿತಿಗೆ ಬಂದವರು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಟ್ಟಿದ್ದೇನೆ.

ಇದು ನಮಗೆ ಬೇಕಾದ ಹಾಗೆ ಚರಿತ್ರೆ ತಿದ್ದುವ ಕೆಲಸ ಅಲ್ಲ. ಆವತ್ತು ನಿರ್ಧಾರ ಮಾಡಿದವರ ಮುಂದೆ ನಿಜವಾಗಿ ಎಷ್ಟು ದಾರಿ ಇದ್ದವು, ಅವರು ಹಿಡಿಯದೇ ಬಿಟ್ಟ ದಾರಿ ಎಲ್ಲಿವರೆಗೆ ಹೋಗುತ್ತಿತ್ತು ಅಂತ ಅಳೆಯುವ ಕೆಲಸ. ಬಹಳ ಸಲ ಅದು ನಾವಂದುಕೊಂಡಷ್ಟು ದೂರ ಹೋಗೋದೇ ಇಲ್ಲ. ಸ್ವಲ್ಪ ಸುತ್ತು ಹಾಕಿ ಮತ್ತೆ ಇದೇ ರಸ್ತೆಗೆ ಬಂದು ಸೇರುತ್ತದೆ. ಹಾಗೆ ಬಂದು ಸೇರಿದರೆ ಸೇರಲಿ ಅನ್ನುವ ಧೈರ್ಯ ಇದ್ದವರು ಮಾತ್ರ ಮುಂದೆ ಓದಿ.

ಉದಾಹರಣೆ ಎಲ್ಲ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತಲಿನವೇ. ಹಿಟ್ಲರ್, ನೆಪೋಲಿಯನ್ ಬಗ್ಗೆ ಬರೆಯೋಕೆ ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನರಗುಂದದ ಬಗ್ಗೆ ನಾವೇ ಬರೆಯಬೇಕು.

ಏನೇನು ಬೇಕು

ಒಂದು ನೋಟ್‌ಬುಕ್. ನೀವು ಆರಿಸಿಕೊಂಡ ಘಟನೆಯ ಬಗ್ಗೆ ಆ ಕಾಲದ್ದೇ ಒಂದು ದಾಖಲೆ. ಆ ಘಟನೆಯನ್ನು ಬೇರೆ ಕಡೆಯಿಂದ ನೋಡುವ ಇನ್ನೊಂದು ಬರಹ. ಇಷ್ಟು ಸಾಕು.

ದಾಖಲೆ ಅಂದ ಕೂಡಲೇ ಹೆದರಬೇಡಿ. ಮುಂಬೈ ಪ್ರಾಂತದ ಗೆಜೆಟಿಯರ್‌ನ ಧಾರವಾಡ ಸಂಪುಟ 1884ರಲ್ಲಿ ಬಂತು. ಗೆಜೆಟಿಯರ್ ಅಂದರೆ ಒಂದು ಜಿಲ್ಲೆಯ ಮಳೆ, ಬೆಳೆ, ಜನ, ಕಂದಾಯ, ಚರಿತ್ರೆ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟ ಸರ್ಕಾರಿ ಗ್ರಂಥ. ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿ, ಸುಪ್ರೀಂ ಕೋರ್ಟಿನ ತೀರ್ಪುಗಳು ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಇಂಗ್ಲಿಷ್ ಸ್ವಲ್ಪ ಗಡುಸು, ಆದರೆ ನಿಮಗೆ ಬೇಕಾದ ಏಳೆಂಟು ಪುಟ ಓದಿದರೆ ಸಾಕು. ಗೆಜೆಟಿಯರ್ ಬರೆಸಿದವರು ಆಳುವವರು ಅನ್ನೋದು ಮಾತ್ರ ನೆನಪಿರಲಿ. ನಮಗೆ ಹೋರಾಟ ಅನ್ನಿಸಿದ್ದು ಅವರಿಗೆ ದಂಗೆ. ಎರಡನೇ ಬರಹ ಬೇಕು ಅಂದಿದ್ದು ಅದಕ್ಕೇ.

ಹಂತ 1: ಕವಲು ಹುಡುಕಿ

ಚರಿತ್ರೆ ಎಲ್ಲಿ ಬೇರೆ ಕಡೆ ತಿರುಗಬಹುದಿತ್ತೋ ಆ ಜಾಗವನ್ನು ಇಲ್ಲಿ ಕವಲು ಅಂತ ಕರೆಯುತ್ತೇನೆ. ಎಡವುವವರಲ್ಲಿ ಜಾಸ್ತಿ ಜನ ಇಲ್ಲೇ ಎಡವುತ್ತಾರೆ.

"ಬ್ರಿಟಿಷರು ಬರದಿದ್ದರೆ" ಅನ್ನೋದು ಕವಲಲ್ಲ. ಅದಕ್ಕೊಂದು ದಿನಾಂಕ ಇಲ್ಲ, ನಿರ್ಧಾರ ಮಾಡಿದ ಒಬ್ಬ ಮನುಷ್ಯ ಇಲ್ಲ. ಅದನ್ನು ಬದಲಿಸಿದರೆ ರೈಲು, ನ್ಯಾಯಾಲಯ, ಮುದ್ರಣ, ಹತ್ತಿ ಮಾರುಕಟ್ಟೆ ಎಲ್ಲವೂ ಒಟ್ಟಿಗೆ ಬದಲಾಗುತ್ತದೆ. ಆಮೇಲೆ ನೀವು ಏನು ಬರೆದರೂ ಸರಿಯೇ, ತಪ್ಪು ಅನ್ನೋಕೆ ಯಾರ ಹತ್ತಿರವೂ ಆಧಾರ ಇರೋದಿಲ್ಲ.

ಒಳ್ಳೆಯ ಕವಲಿಗೆ ಮೂರು ಗುಣ ಇರಬೇಕು. ಒಂದು, ಅದಕ್ಕೆ ದಿನಾಂಕ ಇರಬೇಕು, ವಾರದ ಲೆಕ್ಕದಲ್ಲಿ ಸಿಕ್ಕರೂ ಸಾಕು. ಎರಡು, ನಿರ್ಧಾರ ಯಾರ ಕೈಯಲ್ಲಿತ್ತು ಅಂತ ಹೇಳೋಕಾಗಬೇಕು. ಮೂರು, ಇನ್ನೊಂದು ದಾರಿಯೂ ಇದೆ ಅಂತ ಆವತ್ತಿನವರಿಗೇ ಗೊತ್ತಿರಬೇಕು. ಈ ಮೂರನೆಯದೇ ಮುಖ್ಯ.

ಒಂದು ಚೆಂದದ ಕವಲು ಹೇಳುತ್ತೇನೆ. ಫಜಲ್ ಅಲಿ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟಿತು. ಕನ್ನಡ ಮಾತಾಡುವ ಪ್ರದೇಶಗಳನ್ನು ಒಂದುಗೂಡಿಸಬೇಕು ಅಂತ ಅದರಲ್ಲಿ ಇದೆ, ಅದು ಎಲ್ಲರಿಗೂ ಗೊತ್ತು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕು ಅಂತಲೂ ಅದೇ ವರದಿಯಲ್ಲಿ ಇತ್ತು! ಕಾರಣ ತುಂಗಭದ್ರಾ ಯೋಜನೆ. ಕೇಂದ್ರ ಸರ್ಕಾರ ಆ ಶಿಫಾರಸನ್ನು ಒಪ್ಪಲಿಲ್ಲ. ಒಪ್ಪಿದ್ದರೆ? ಇದಕ್ಕೆ ದಿನಾಂಕ ಇದೆ, ನಿರ್ಧಾರ ಮಾಡಿದವರು ಇದ್ದಾರೆ, ಎರಡನೇ ದಾರಿ ವರದಿಯಲ್ಲೇ ಅಚ್ಚಾಗಿದೆ. ಇನ್ನೇನು ಬೇಕು?

ಬರೆಯುವಾಗ ಒಂದು ಸಂಗತಿ ಬಿಡಬೇಡಿ. ತುಂಗಭದ್ರಾ ಅಣೆಕಟ್ಟಿನ ಬಲದಂಡೆ ಹೊಸಪೇಟೆ ಕಡೆ, ಎಡದಂಡೆ ಮುನಿರಾಬಾದ್ ಕಡೆ, ಅಂದರೆ ಕೊಪ್ಪಳದ ಸೀಮೆ. ನಿಮ್ಮ ಕಲ್ಪನೆಯಲ್ಲಿ ಒಂದು ದಂಡೆ ಆಂಧ್ರಕ್ಕೆ, ಇನ್ನೊಂದು ಕರ್ನಾಟಕಕ್ಕೆ ಹೋಗುತ್ತದೆ. ಇದೆಲ್ಲಿ ಸಾಧ್ಯ ಅಂತೀರಾ? 1956ಕ್ಕೆ ಮುಂಚೆ ಅದು ಹಾಗೇ ಇತ್ತು. ಮುನಿರಾಬಾದ್ ಹೈದರಾಬಾದ್ ರಾಜ್ಯದಲ್ಲಿತ್ತು, ಹೊಸಪೇಟೆ ಮೊದಲು ಮದ್ರಾಸಿನಲ್ಲಿ, 1953ರ ಅಕ್ಟೋಬರ್‌ನಿಂದ ಮೈಸೂರಿನಲ್ಲಿ. ಎರಡು ರಾಜ್ಯಗಳ ನಡುವೆ ಅಣೆಕಟ್ಟು ನಡೆಸೋಕೆ ತುಂಗಭದ್ರಾ ಮಂಡಳಿ ಆಗಲೇ ಹುಟ್ಟಿತ್ತು. ಹಾಗಾಗಿ "ನೀರಿಗಾಗಿ ಯುದ್ಧ" ಅಂತ ಬರೆಯುವ ಮೊದಲು ಆ ಮಂಡಳಿ ಏನು ಮಾಡುತ್ತಿತ್ತು ಅಂತ ಯೋಚಿಸಿ.

ಹಂತ 2: ನಿಜವಾಗಿ ಆದದ್ದನ್ನು ಮೊದಲು ಬರೆಯಿರಿ

ಕಲ್ಪನೆಗೆ ಕೈ ಹಾಕುವ ಮೊದಲು ನಡೆದದ್ದನ್ನು ದಿನದ ಪ್ರಕಾರ ಬರೆದಿಡಿ. ಬೇಜಾರಿನ ಕೆಲಸ, ನಿಜ. ಆದರೆ ಇದನ್ನು ಬಿಟ್ಟವರ ಲೇಖನ ಮೊದಲ ಪುಟದಲ್ಲೇ ಗೊತ್ತಾಗಿಬಿಡುತ್ತದೆ.

ಕಾನೂನಿನ ಕವಲು ಬೇಕು ಅನ್ನುವವರಿಗೆ ನಮ್ಮ ಸೀಮೆಯ ದೊಡ್ಡ ಉದಾಹರಣೆ ಎಸ್. ಆರ್. ಬೊಮ್ಮಾಯಿ ಪ್ರಕರಣ. ಬೊಮ್ಮಾಯಿಯವರು ಇವತ್ತಿನ ಹಾವೇರಿ ಜಿಲ್ಲೆಯ ಕಾರಡಗಿಯವರು. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾದರು. ಮುಂದಿನ ಏಪ್ರಿಲ್ ತಿಂಗಳ ನಾಲ್ಕೈದು ದಿನ ಹೀಗಿವೆ.

ಪಕ್ಷ ಬಿಟ್ಟ ಶಾಸಕರೊಬ್ಬರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ 19 ಪತ್ರ ತಂದು ಕೊಟ್ಟರು. ಆ ಶಾಸಕರೆಲ್ಲ ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್ ಪಡೆದಿದ್ದಾರೆ ಅಂತ ಅದರ ಅರ್ಥ. ಏಪ್ರಿಲ್ 19ರಂದು ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಕಳಿಸಿದರು. ಮರುದಿನ ಆ 19 ಮಂದಿಯಲ್ಲಿ 7 ಮಂದಿ ಉಲ್ಟಾ ಹೊಡೆದರು. ದಾರಿ ತಪ್ಪಿಸಿ ಸಹಿ ಹಾಕಿಸಿಕೊಂಡಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂತ ಬರೆದುಕೊಟ್ಟರು. ಅದೇ ದಿನ ಮುಖ್ಯಮಂತ್ರಿ ರಾಜ್ಯಪಾಲರನ್ನು ಕಂಡು, ಸದನದಲ್ಲಿ ಬಹುಮತ ತೋರಿಸುತ್ತೇನೆ, ಬೇಕಾದರೆ ಅಧಿವೇಶನವನ್ನು ಮುಂಚೆಯೇ ಕರೆಯೋಣ ಅಂದರು. ರಾಜ್ಯಪಾಲರು ಒಪ್ಪಲಿಲ್ಲ, ಇನ್ನೊಂದು ವರದಿ ಕಳಿಸಿದರು. ಏಪ್ರಿಲ್ 21ಕ್ಕೆ 356ನೇ ವಿಧಿ ಜಾರಿಯಾಯಿತು, ವಿಧಾನಸಭೆ ವಿಸರ್ಜನೆಯಾಯಿತು. 356ನೇ ವಿಧಿ ಅಂದರೆ ರಾಜ್ಯ ಸರ್ಕಾರವನ್ನು ಬದಿಗೆ ಸರಿಸಿ ರಾಷ್ಟ್ರಪತಿ ಆಳ್ವಿಕೆ ಹೇರುವ ಸಂವಿಧಾನದ ಅಧಿಕಾರ.

ಹೈಕೋರ್ಟು ಅರ್ಜಿ ವಜಾ ಮಾಡಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದ್ದು 1994ರ ಮಾರ್ಚ್ 11ಕ್ಕೆ. ಬಹುಮತ ಇದೆಯೋ ಇಲ್ಲವೋ ಅಂತ ನೋಡಬೇಕಾದ ಜಾಗ ಸದನ, ರಾಜಭವನ ಅಲ್ಲ ಅನ್ನುವ ಮಾತು ಅಲ್ಲಿಂದ ಗಟ್ಟಿಯಾಯಿತು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು, ಸಂಸತ್ತಿನ ಎರಡೂ ಸದನ ಒಪ್ಪುವ ಮೊದಲು ವಿಧಾನಸಭೆ ವಿಸರ್ಜಿಸಬಾರದು ಅಂತಲೂ ಆಯಿತು. ಆದರೆ ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಸಿಗಲಿಲ್ಲ. 1989ರ ನವೆಂಬರ್‌ನಲ್ಲೇ ಚುನಾವಣೆ ನಡೆದು, ಕಾಂಗ್ರೆಸ್ ಗೆದ್ದು, ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾಗಿ ಆಗಿತ್ತು.

ಹೀಗೆ ಬರೆದಿಟ್ಟರೆ ಕವಲು ತಾನೇ ಎದ್ದು ಕಾಣುತ್ತದೆ. ಏಪ್ರಿಲ್ 20. ಮೇಜಿನ ಮೇಲೆ 19 ಪತ್ರ, ಅದರ ಪಕ್ಕ 7 ಪತ್ರ. ಎದುರಿಗೆ "ಸದನ ಕರೆಯಿರಿ" ಅನ್ನುವ ಮುಖ್ಯಮಂತ್ರಿ.

ಹಂತ 3: ಒಂದೇ ಒಂದು ಬದಲಾವಣೆ

ಈಗ ಬದಲಾವಣೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. "ಏಪ್ರಿಲ್ 20ರಂದು ರಾಜ್ಯಪಾಲರು ಸರಿ, ಒಂದು ವಾರದೊಳಗೆ ಬಹುಮತ ತೋರಿಸಿ ಅಂದರು." ಅಷ್ಟೇ. ವಾಕ್ಯದಲ್ಲಿ "ಮತ್ತು" ಬಂದರೆ ಎರಡು ಬದಲಾವಣೆ ಆಯಿತು ಅಂತ ಅರ್ಥ, ಒಂದನ್ನು ಕಿತ್ತು ಹಾಕಿ.

ಆಸೆ ನಮ್ಮನ್ನು ಹಿಡಿಯೋದು ಈ ಹಂತದಲ್ಲೇ. ರಾಜ್ಯಪಾಲರು ಒಪ್ಪಿದರು, ಬೊಮ್ಮಾಯಿ ಗೆದ್ದರು, ಜನತಾದಳ ಒಡೆಯಲಿಲ್ಲ, ಕರ್ನಾಟಕ ಎಲ್ಲೋ ಹೋಯಿತು ಅಂತ ಪೆನ್ನು ಓಡುತ್ತದೆ. ನಿಲ್ಲಿಸಿ. ರಾಜ್ಯಪಾಲರು ಒಪ್ಪಿದ್ದು ಮಾತ್ರ ನಿಮ್ಮದು. ಸದನದಲ್ಲಿ ಏನಾಗುತ್ತಿತ್ತು ಅನ್ನೋದನ್ನು ನೀವು ಲೆಕ್ಕ ಹಾಕಬೇಕು, ಘೋಷಿಸುವ ಹಾಗಿಲ್ಲ. 7 ಮಂದಿ ವಾಪಸ್ ಬಂದರೂ 12 ಮಂದಿ ಹೊರಗೇ ಇದ್ದಾರಲ್ಲ? ಆ ಒಂದು ವಾರದಲ್ಲಿ ಇನ್ನೂ ಕೆಲವರು ಆ ಕಡೆ ಹಾರುತ್ತಿದ್ದರೋ, ಈ ಕಡೆಯೋ? ಎರಡನ್ನೂ ಬರೆದು ನೋಡಿ. ಸದನದಲ್ಲಿ ಬೊಮ್ಮಾಯಿ ಸೋತರು ಅನ್ನುವ ಆವೃತ್ತಿಯೇ ನನ್ನ ಮಟ್ಟಿಗೆ ಜಾಸ್ತಿ ಸ್ವಾರಸ್ಯದ್ದು. ಆಗ ಸರ್ಕಾರ ನ್ಯಾಯವಾಗಿಯೇ ಬಿತ್ತು, ಕೋರ್ಟಿಗೆ ಹೋಗೋಕೆ ಕಾರಣವೇ ಇಲ್ಲ, ಅವರ ಹೆಸರಿನ ತೀರ್ಪೂ ಇಲ್ಲ.

ಹಂತ 4: ಏನು ಮಾಡಿದರೂ ಬರುವಂಥವನ್ನು ಪಟ್ಟಿ ಮಾಡಿ

ಈ ಹಂತಕ್ಕೆ ಸಮಯ ಜಾಸ್ತಿ ಕೊಡಿ. ನೀವು ಬದಲಿಸಿದ್ದಕ್ಕೂ ಮುಂದೆ ಬಂದ ಕೆಲವು ಘಟನೆಗಳಿಗೂ ಸಂಬಂಧವೇ ಇರೋದಿಲ್ಲ. ಅವು ಬಂದೇ ಬರುತ್ತವೆ. ಅವನ್ನು ಮರೆತರೆ ನಿಮ್ಮ ಕಲ್ಪನೆ ಗಾಳಿಯಲ್ಲಿ ತೇಲುತ್ತದೆ.

ಬೊಮ್ಮಾಯಿ ಉದಾಹರಣೆಯನ್ನೇ ಮುಂದುವರಿಸೋಣ. ಆ ವಿಧಾನಸಭೆಗೆ ಚುನಾವಣೆ ಆಗಿದ್ದು 1985ರ ಮಾರ್ಚ್‌ನಲ್ಲಿ. ಸರ್ಕಾರ ಉಳಿದಿದ್ದರೂ 1990ರ ಶುರುವಿನಲ್ಲಿ ಮತ್ತೆ ಜನರ ಮುಂದೆ ಹೋಗಲೇಬೇಕಿತ್ತು. ಅಂದರೆ ಬೊಮ್ಮಾಯಿಯವರಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ ಹನ್ನೊಂದು ತಿಂಗಳು. "ಕರ್ನಾಟಕದ ಭವಿಷ್ಯವೇ ಬದಲಾಗುತ್ತಿತ್ತು" ಅನ್ನುವ ಮಾತಿನ ಗಾಳಿ ಇಲ್ಲೇ ಅರ್ಧ ಇಳಿಯಿತು.

ತೀರ್ಪಿನ ಕಥೆ ಏನು? ಅದೇ ಪೀಠದ ಮುಂದೆ ನಾಗಾಲ್ಯಾಂಡ್, ಮೇಘಾಲಯದ ಪ್ರಕರಣಗಳೂ ಇದ್ದವು. 1992ರ ಡಿಸೆಂಬರ್‌ನಲ್ಲಿ ಬಾಬ್ರಿ ಮಸೀದಿ ಕೆಡವಿದ ನಂತರ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ಪ್ರಕರಣಗಳೂ ಇದ್ದವು. ಮಧ್ಯಪ್ರದೇಶದ ಘೋಷಣೆಯನ್ನು ಅಲ್ಲಿನ ಹೈಕೋರ್ಟು 1993ರಲ್ಲಿ ರದ್ದು ಮಾಡಿತ್ತು. ಹಾಗಾಗಿ ಸುಪ್ರೀಂ ಕೋರ್ಟು 356ರ ಬಗ್ಗೆ ಏನಾದರೂ ಹೇಳಲೇಬೇಕಿತ್ತು. ಕಾರಡಗಿಯ ಬೊಮ್ಮಾಯಿಯವರ ಹೆಸರಿನ ಬದಲು ಬೇರೆ ಯಾವುದೋ ರಾಜ್ಯದ ಮುಖ್ಯಮಂತ್ರಿಯ ಹೆಸರನ್ನು ಕಾನೂನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಿದ್ದರು.

ಆದರೆ ಒಂದು ವ್ಯತ್ಯಾಸ ಉಳಿಯುತ್ತದೆ, ಅದು ಸಣ್ಣದಲ್ಲ. ಆ ಮೂರು ರಾಜ್ಯಗಳ ವಜಾವನ್ನು ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ಅಲ್ಲಿನ ವಾದ ಜಾತ್ಯತೀತತೆಯ ಸುತ್ತ ಇತ್ತು. ಪಕ್ಷಾಂತರ, ಪತ್ರ, ತಲೆ ಎಣಿಕೆ ಈ ಗೊಂದಲವೆಲ್ಲ ಅಷ್ಟು ನಿಚ್ಚಳವಾಗಿ ಇದ್ದದ್ದು ಕರ್ನಾಟಕದ ಪ್ರಕರಣದಲ್ಲಿ. ಕರ್ನಾಟಕವನ್ನು ತೆಗೆದರೆ ಸದನದಲ್ಲೇ ಬಲ ತೋರಿಸಬೇಕು ಅನ್ನುವ ನಿಯಮ ಅಷ್ಟು ಖಡಕ್ಕಾಗಿ ಬರುತ್ತಿತ್ತೇ? ನಿಮ್ಮ ಲೇಖನದ ನಿಜವಾದ ಪ್ರಶ್ನೆ ಇದು. ನಾಲ್ಕನೇ ಹಂತ ಮಾಡದಿದ್ದರೆ ಈ ಪ್ರಶ್ನೆ ಕೈಗೆ ಸಿಗುತ್ತಲೇ ಇರಲಿಲ್ಲ, ಅಲ್ವಾ?

ಧಾರವಾಡ ಮುಂಬೈ ರಾಜ್ಯದಲ್ಲೇ ಉಳಿದಿದ್ದರೆ ಅಂತ ಬರೆಯುವವರಿಗೂ ಒಂದು ದಿನಾಂಕ ಕಾದು ಕೂತಿದೆ. 1960ರ ಮೇ 1ಕ್ಕೆ ಮುಂಬೈ ರಾಜ್ಯವೇ ಒಡೆದು ಮಹಾರಾಷ್ಟ್ರ, ಗುಜರಾತ್ ಆದವು. ಆವತ್ತು ಕನ್ನಡದ ಜಿಲ್ಲೆಗಳನ್ನು ಏನು ಮಾಡುತ್ತಿದ್ದರು? 1953ರಲ್ಲಿ ಕರ್ನಾಟಕದ ಏಕೀಕರಣ ಆಗಲಿ ಅಂತ ಅದರಗುಂಚಿ ಶಂಕರಗೌಡರು ಉಪವಾಸ ಕೂತಿದ್ದು, ಹುಬ್ಬಳ್ಳಿಯಲ್ಲಿ ಜನ ಬೀದಿಗೆ ಇಳಿದಿದ್ದು ನಿಮ್ಮ ಕವಲಿಗಿಂತ ಮುಂಚೆಯೇ ಆಗಿಹೋಗಿದೆ. ಆ ಸಿಟ್ಟು ಎಲ್ಲಿಗೆ ಹೋಗುತ್ತಿತ್ತು? ನಾಲ್ಕು ವರ್ಷ ತಡವಾಗಿ, ಇನ್ನೂ ಜಾಸ್ತಿ ಕಹಿಯಾಗಿ, ಅದೇ ಏಕೀಕರಣ ಅಂತ ನನಗನ್ನಿಸುತ್ತದೆ. ನಿಮಗೆ ಬೇರೆ ಅನ್ನಿಸಿದರೆ ವಾದ ಮಾಡಿ.

ಹಂತ 5: ಪಕ್ಕದ ಮನೆ ನೋಡಿ

ನಿಮ್ಮ ಕಲ್ಪನೆಯ ದಾರಿಯಲ್ಲಿ ನಿಜವಾಗಿ ನಡೆದುಹೋದವರು ಯಾರಾದರೂ ಇದ್ದಾರಾ ಅಂತ ಹುಡುಕಿ. ಸಿಕ್ಕರೆ ಅದಕ್ಕಿಂತ ದೊಡ್ಡ ಆಧಾರ ಇಲ್ಲ.

ನರಗುಂದ ತಗೊಳ್ಳಿ. ಅಲ್ಲಿನ ಸಂಸ್ಥಾನಿಕ ಬಾಬಾಸಾಹೇಬ ಭಾವೆಯವರಿಗೆ ಮಕ್ಕಳಿರಲಿಲ್ಲ. ದತ್ತು ತಗೊಳ್ಳೋಕೆ ಬ್ರಿಟಿಷರು ಒಪ್ಪಲಿಲ್ಲ. ದತ್ತು ಮಗನಿಗೆ ಗಾದಿ ಇಲ್ಲ, ವಾರಸುದಾರ ಇಲ್ಲದ ಸಂಸ್ಥಾನ ಕಂಪನಿಗೆ ಸೇರಬೇಕು ಅನ್ನೋದು ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದ ನೀತಿ. 1858ರ ಮೇ ಕೊನೆಗೆ ಬಾಬಾಸಾಹೇಬ ಬಂಡೆದ್ದರು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸಂಸ್ಥಾನ ಹೋಯಿತು.

ದತ್ತಕಕ್ಕೆ ಒಪ್ಪಿದ್ದರೆ? ಪಕ್ಕದ ಮನೆ ಇಲ್ಲಿ ರಾಮದುರ್ಗ. ಅದೇ ಮನೆತನದ ಸಂಸ್ಥಾನ, ಬಂಡಾಯಕ್ಕೆ ಸೇರಲಿಲ್ಲ. ಅದು 1948ರವರೆಗೆ ಸಂಸ್ಥಾನವಾಗಿಯೇ ಉಳಿದು ಆಮೇಲೆ ಮುಂಬೈ ಪ್ರಾಂತದಲ್ಲಿ ಸೇರಿತು. ನರಗುಂದವೂ ಹಾಗೇ ಉಳಿಯುತ್ತಿತ್ತು ಅನ್ನೋದು ಮೊದಲ ಊಹೆ. ಇನ್ನೊಂದು ನೋವಿನ ಸಂಗತಿ ಇದೆ. ದತ್ತಕವನ್ನು ಮಾನ್ಯ ಮಾಡುವ ಸನದುಗಳನ್ನು, ಅಂದರೆ ಸರ್ಕಾರಿ ಅಧಿಕಾರಪತ್ರಗಳನ್ನು, ಇದೇ ಬ್ರಿಟಿಷರು 1862ರಲ್ಲಿ, ವೈಸ್‌ರಾಯ್ ಕ್ಯಾನಿಂಗ್ ಕಾಲದಲ್ಲಿ, ಸಂಸ್ಥಾನಗಳಿಗೆ ಹಂಚಿದರು. ನಾಲ್ಕೇ ವರ್ಷದ ಅಂತರ.

ಇಲ್ಲೊಂದು ಹೊಂಡ ಇದೆ, ನೋಡಿಕೊಂಡು ಹೆಜ್ಜೆ ಇಡಿ. ಬಂಡಾಯಕ್ಕೆ ದತ್ತಕ ಒಂದೇ ಕಾರಣ ಅಂತ ಹಿಡಿದರೆ ಲೆಕ್ಕ ತಪ್ಪುತ್ತದೆ. ಆಯುಧ ಒಪ್ಪಿಸಬೇಕು ಅನ್ನುವ ಕಾಯಿದೆ ಆ ಹೊತ್ತಿಗೆ ಬಂದಿತ್ತು. ಹಲಗಲಿಯ ಬೇಡರು 1857ರಲ್ಲಿ ಸಿಡಿದಿದ್ದು ಅದರ ವಿರುದ್ಧವೇ. ದತ್ತಕದ ಸಿಟ್ಟು ಕಳೆದರೂ ಆಯುಧದ ಸಿಟ್ಟು ಉಳಿಯುತ್ತದೆ. ಒಂದು ಘಟನೆಗೆ ಎಷ್ಟು ಕಾರಣ ಇವೆ ಅಂತ ಎಣಿಸಿ, ಎಷ್ಟನ್ನು ತೆಗೆದಿದ್ದೀರಿ ಅಂತ ನೋಡಿ.

ಹಂತ 6: ಮುಂದಕ್ಕೆ ನಡೆಸಿ, ಆದರೆ ವೇಗ ನೋಡಿ

ಒಂದು ವರ್ಷದ ನಂತರ, ಹತ್ತು ವರ್ಷದ ನಂತರ, ಇವತ್ತು ಅಂತ ಮೂರು ಪುಟ ಮಾಡಿಕೊಳ್ಳಿ. ಹೆಚ್ಚಿನವರು ಸೀದಾ ಇವತ್ತಿಗೆ ಹಾರುತ್ತಾರೆ. ಮೊದಲ ವರ್ಷದ ಪುಟ ತುಂಬದಿದ್ದರೆ ಮೂರನೆಯದನ್ನು ಮುಟ್ಟಬೇಡಿ.

ರಾಜಕೀಯ ಒಂದು ರಾತ್ರಿಯಲ್ಲಿ ಬದಲಾಗಬಹುದು. ಕಾನೂನು ಬದಲಾಗೋದು ಗೆಜೆಟ್‌ನಲ್ಲಿ ಅಚ್ಚಾದ ದಿನ, ಆದರೆ ಜನರಿಗೆ ಮುಟ್ಟೋದು ನಿಧಾನ. 1956ರ ನವೆಂಬರ್ 1ಕ್ಕೆ ಧಾರವಾಡ ಮೈಸೂರು ರಾಜ್ಯಕ್ಕೆ ಬಂತು, ಆದರೆ ಇಲ್ಲಿ ನಡೆಯುತ್ತಿದ್ದ ಮುಂಬೈ ಕಾಯಿದೆಗಳು ಆವತ್ತೇ ಸಾಯಲಿಲ್ಲ. ಹೊಸ ಕಾನೂನು ಬರುವವರೆಗೆ ಹಳೆಯದೇ ನಡೆಯಲಿ ಅಂತ ಪುನರ್ವಿಂಗಡಣಾ ಕಾಯಿದೆಯ 119ನೇ ಕಲಮು ಹೇಳಿತ್ತು. ಗೇಣಿ ಜಮೀನಿಗೆ 1948ರ ಮುಂಬೈ ಗೇಣಿ ಕಾಯಿದೆಯೇ ನಡೆಯಿತು. ಮೈಸೂರಿನ ಭೂಸುಧಾರಣಾ ಕಾಯಿದೆ ಜಾರಿಗೆ ಬಂದಿದ್ದು 1965ರಲ್ಲಿ. ನಕ್ಷೆ ಬದಲಾದ ಬೆಳಗ್ಗೆಯೇ ಗೇಣಿದಾರನ ಬದುಕೂ ಬದಲಾಯಿತು ಅಂತ ಬರೆಯಬೇಡಿ.

ತಂತ್ರಜ್ಞಾನ ಇನ್ನೂ ಹಠಮಾರಿ. ಅದು ಹುಟ್ಟಬೇಕು, ಅಗ್ಗವಾಗಬೇಕು, ಜನ ಹಳೆಯದನ್ನು ಬಿಡಬೇಕು. ಕನ್ನಡ ಕಂಪ್ಯೂಟರಿನದೇ ನೋಡಿ. ಯುನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳು ಒಪ್ಪಿಕೊಂಡ ಒಂದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಸಾಮಾನ್ಯ ಜನರ ವಿಂಡೋಸ್ ಕಂಪ್ಯೂಟರಿನಲ್ಲಿ ಕನ್ನಡ ತಾನಾಗಿ ಮೂಡಿದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಅನ್ನುವ ಫಾಂಟಿನ ಜೊತೆ. ಆ ಹತ್ತು ವರ್ಷ ಪ್ರತಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ) ತಂತ್ರಾಂಶಕ್ಕೂ ಅದರದ್ದೇ ಅಕ್ಷರ ಸಂಕೇತ. ಒಂದು ಅಂಗಡಿಯಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಯನ್ನು ಇನ್ನೊಂದು ಅಂಗಡಿಯಲ್ಲಿ ತೆರೆದರೆ ವರನ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ.

ಎಕ್ಸ್‌ಪಿ 1995ರಲ್ಲೇ ಬಂದಿದ್ದರೆ ಅಂತ ಬರೆಯೋಣ ಅಂದುಕೊಳ್ಳಿ. ಮುದ್ರಣ ಕಾಶಿ ಅನ್ನಿಸಿಕೊಂಡ ಗದಗದ ಪ್ರೆಸ್ಸುಗಳು ಮರುದಿನವೇ ಬದಲಾಗುತ್ತಿದ್ದವಾ? ಇಲ್ಲ. ಅಲ್ಲೆಲ್ಲ ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರ್ ಅನ್ನುವ ತಂತ್ರಾಂಶದಲ್ಲಿ. ಯುನಿಕೋಡ್ ಕನ್ನಡದ ಒತ್ತಕ್ಷರ ಕೂಡಿಸೋದು ಪೇಜ್‌ಮೇಕರ್‌ಗೆ ಬರುತ್ತಲೇ ಇರಲಿಲ್ಲ. 2001ರ ನಂತರವೂ ಪ್ರೆಸ್ಸುಗಳು ಹಳೇ ಫಾಂಟನ್ನೇ ಹಿಡಿದುಕೊಂಡಿದ್ದು ಅದಕ್ಕೇ. ಹಾಗಾಗಿ ಈ ಕವಲಿನಲ್ಲಿ ಬದಲಾಗುವವರು ಮುದ್ರಕರಲ್ಲ. ಇಮೇಲ್ ಬರೆಯುವವರು, ಹುಡುಕುವವರು, ಇಂಟರ್ನೆಟ್ಟಿನಲ್ಲಿ ಕನ್ನಡ ಓದುವವರು. ನಿಮ್ಮ ಬದಲಾವಣೆ ಯಾರಿಗೆ ಮುಟ್ಟುತ್ತದೆ ಅಂತ ಗುರುತಿಸದೆ ಬರೆದರೆ "ಕನ್ನಡ ಉದ್ಧಾರವಾಗುತ್ತಿತ್ತು" ಅನ್ನುವ ಒಂದೇ ಸಾಲಿಗೆ ಲೇಖನ ನಿಂತುಬಿಡುತ್ತದೆ.

ರೈಲಿನದೂ ಇದೇ ಕಥೆ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ. ಗದಗದಿಂದ ಸೊಲ್ಲಾಪುರ ಹತ್ತಿರದ ಹೊಟಗಿಗೆ ಹೋಗುವ ದಾರಿಯನ್ನು ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಮೀಟರ್ ಗೇಜ್‌ನಲ್ಲಿ, ಅಂದರೆ ಒಂದು ಮೀಟರ್ ಅಂತರದಲ್ಲಿ, ಹಾಕಿತು. ಹೊಟಗಿಯಲ್ಲಿ ಎದುರಾದದ್ದು ಬ್ರಾಡ್ ಗೇಜ್, 1,676 ಮಿಲಿಮೀಟರಿನದು. ಬೋಗಿ ಮುಂದೆ ಹೋಗೋದಿಲ್ಲ, ಸರಕು ಇಳಿಸಿ ಮತ್ತೆ ಹೇರಬೇಕು. ಮೊದಲೇ ಬ್ರಾಡ್ ಗೇಜ್ ಹಾಕಿದ್ದರೆ ಅನ್ನೋದು ಒಳ್ಳೆಯ ಪ್ರಶ್ನೆಯೇ. ಆದರೆ ಅದು 1876-78ರ ಭೀಕರ ಬರದ ನಂತರ, ಧಾನ್ಯ ಬೇಗ ಮುಟ್ಟಲಿ ಅಂತ ಹಾಕಿದ ದಾರಿ. ಕಡಿಮೆ ದುಡ್ಡಿನಲ್ಲಿ ಜಾಸ್ತಿ ದೂರ ಹೋಗಬೇಕಿತ್ತು. ಅಗಲ ಮಾಡಿದರೆ ಅದೇ ದುಡ್ಡಿಗೆ ದಾರಿ ಎಷ್ಟು ಗಿಡ್ಡವಾಗುತ್ತಿತ್ತು ಅನ್ನೋದನ್ನೂ ಬರೆಯಿರಿ. ಯಾವ ಊರಿಗೆ ರೈಲೇ ಬರುತ್ತಿರಲಿಲ್ಲ?

ಹಂತ 7: ಒಬ್ಬ ಮನುಷ್ಯನ ಒಂದು ದಿನ

ಇಷ್ಟೆಲ್ಲ ಆದ ಮೇಲೆ ಒಂದು ಪ್ಯಾರಾ ಬರೆಯಿರಿ. ಮಂತ್ರಿ, ನ್ಯಾಯಮೂರ್ತಿ ಬೇಡ. ಹೊಲದ ವ್ಯಾಜ್ಯ ಇರುವ ರೋಣದ ಒಬ್ಬ ರೈತ ಸಾಕು.

ಧಾರವಾಡದಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಶುರುವಾಗಿದ್ದು 2008ರಲ್ಲಿ, ಕಾಯಂ ಆಗಿದ್ದು 2013ರಲ್ಲಿ. ಅದಕ್ಕೂ ಮೊದಲು ಆ ರೈತ ಕಾಗದದ ಚೀಲ ಹಿಡಿದು ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ವಕೀಲರನ್ನು ಕಾಣಬೇಕು, ಹೋಟೆಲಿನಲ್ಲಿ ಉಣ್ಣಬೇಕು, ಮುಂದಿನ ತಾರೀಕು ಬರೆಸಿಕೊಂಡು ಮತ್ತೆ ರಾತ್ರಿ ರೈಲು. ಪೀಠ ಬರದೇ ಹೋಗಿದ್ದರೆ ಅನ್ನುವ ಲೇಖನಕ್ಕೆ ಈ ಪ್ರಯಾಣವೇ ಸಾಕು. ಎಷ್ಟು ಜನ ಕೆಳಗಿನ ಕೋರ್ಟಿನ ತೀರ್ಪಿಗೇ ಕೈ ಮುಗಿದು ಕೂತುಬಿಡುತ್ತಿದ್ದರು ಅಂತ ಯೋಚಿಸುವಾಗ ಕಾನೂನು, ರಾಜಕೀಯ, ರೈಲು ಮೂರೂ ಒಂದೇ ಚೀಲಕ್ಕೆ ಬರುತ್ತವೆ.

ಹಂತ 8: ಒಪ್ಪದವರಿಗೆ ಓದಿಸಿ

ನಿಮ್ಮ ಪಕ್ಷದ ಗೆಳೆಯನಿಗೆ ಕೊಟ್ಟರೆ "ಭಾರಿ ಐತಿ ಬಿಡಪಾ" ಅಂತಾನೆ. ಉಪಯೋಗ ಇಲ್ಲ. ಎದುರು ಪಕ್ಷದವರಿಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿ: ಯಾವ ಸಾಲಿನಲ್ಲಿ ನಂಬಿಕೆ ಹೋಯಿತು? ಆ ಸಾಲಿಗೆ ಗೆರೆ ಹೊಡೆದುಕೊಂಡು ಬನ್ನಿ. ಸಾಮಾನ್ಯವಾಗಿ ಆ ಸಾಲಿನಲ್ಲಿ ನೀವು ಆ ಕಾಲದವರಿಗೆ ಇವತ್ತಿನ ಬುದ್ಧಿ ಕೊಟ್ಟಿರುತ್ತೀರಿ. 1858ರ ನರಗುಂದದವರು ಪ್ರಜಾಪ್ರಭುತ್ವದ ಮಾತಾಡುತ್ತಿರುತ್ತಾರೆ, ಇಲ್ಲವೇ 1955ರ ಮಂತ್ರಿಗೆ 2000ದ ದಶಕದ ಬಳ್ಳಾರಿ ಗಣಿಗಾರಿಕೆ ಗೊತ್ತಿರುತ್ತದೆ.

ಜನರ ಕೈಗೆ ಕೊಡುವ ಮುನ್ನ

ಮೊದಲ ಪ್ಯಾರಾದಲ್ಲೇ ಇದು ಕಲ್ಪನೆ ಅಂತ ಹೇಳಿ. ಅದೂ ಸಾಲದು. ವಾಟ್ಸಾಪ್‌ನಲ್ಲಿ ಮಧ್ಯದ ಒಂದು ಪ್ಯಾರಾ ಕಿತ್ತುಕೊಂಡು ಓಡುವವರು ಇದ್ದಾರೆ. ಹಾಗಾಗಿ ಕಲ್ಪನೆಯ ಭಾಗದ ಪ್ರತಿ ಪ್ಯಾರಾದಲ್ಲೂ "ಆಗುತ್ತಿತ್ತು", "ಬರಬಹುದಿತ್ತು" ಅನ್ನುವ ಕ್ರಿಯಾಪದ ಇರಲಿ. ನಡೆದದ್ದಕ್ಕೆ "ಆಯಿತು", ನಡೆಯದ್ದಕ್ಕೆ "ಆಗುತ್ತಿತ್ತು". ಕಥೆಯಾದರೆ ಈ ನಿಯಮ ನಡೆಯೋದಿಲ್ಲ, ಅದಕ್ಕೆ ತಲೆಬರಹದ ಕೆಳಗೇ "ಕಥೆ" ಅಂತ ಹಾಕಿ. ನಕಲಿ ಪತ್ರಿಕೆ ಪುಟ, ನಕಲಿ ಸರ್ಕಾರಿ ಆದೇಶದ ಚಿತ್ರ ಮಾಡಲೇಬೇಡಿ. ನೀವು ತಮಾಷೆಗೆ ಮಾಡಿದ್ದು ಇನ್ನೊಬ್ಬರಿಗೆ ಸಾಕ್ಷಿಯಾಗುತ್ತದೆ.

ಬದುಕಿರುವವರ ಬಾಯಿಗೆ ಆಡದ ಮಾತು ತುರುಕಬೇಡಿ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು. ತಮಾಷೆ ನೋಡಿ, ಸಂವಿಧಾನದ 356ಕ್ಕೂ ಇದಕ್ಕೂ ಸಂಬಂಧ ಇಲ್ಲ, ಸಂಖ್ಯೆ ಮಾತ್ರ ಒಂದೇ. ತೀರಿಹೋದವರ ಬಗ್ಗೆ ಬರೆದರೂ, ಮನೆಯವರಿಗೆ ನೋವಾಗಲಿ ಅನ್ನುವ ಉದ್ದೇಶ ಇದ್ದರೆ ಈ ಕಲಮು ಅನ್ವಯಿಸಬಹುದು. ಕೋಮುಗಳ ನಡುವೆ ದ್ವೇಷ ಹುಟ್ಟಿಸುವ ಬರಹಕ್ಕೆ 196ನೇ ಕಲಮು ಇದೆ. ಕಾನೂನಿನ ಭಯ ಹಾಗಿರಲಿ, ಇನ್ನೂ ಹಸಿ ಇರುವ ಗಾಯಗಳನ್ನು ಮೊದಲ ಲೇಖನಕ್ಕೆ ಆರಿಸಿಕೊಳ್ಳಬೇಡಿ. ಜನ ನಿಮ್ಮ ತರ್ಕ ಓದೋದಿಲ್ಲ, ನಿಮ್ಮ ಅಡ್ಡಹೆಸರು ಓದುತ್ತಾರೆ.

ಶುರು ಮಾಡೋಕೆ ಕೆಲವು ಕವಲುಗಳು

ನವಲಗುಂದ-ನರಗುಂದ, 1980ರ ಜುಲೈ 21. ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ಸಿಟ್ಟು, ಗೋಲಿಬಾರ್, ರೈತ ಸಂಘ, 1983ರಲ್ಲಿ ಕಾಂಗ್ರೆಸ್ಸಿನ ಸೋಲು. ಸರ್ಕಾರ ಒಂದು ತಿಂಗಳು ಮೊದಲೇ ಕರ ತಡೆಹಿಡಿದಿದ್ದರೆ? ಇದರಲ್ಲಿ ರೈತರ ಸಿಟ್ಟಿಗೆ ಬೇರೆ ಕಾರಣಗಳೂ ಇದ್ದವು, ಐದನೇ ಹಂತ ನೆನಪಿಡಿ.

ಧ್ವಜ ಸಂಹಿತೆ. ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಅಂತ 2021ರ ಡಿಸೆಂಬರ್ ಕೊನೆಗೆ ತಿದ್ದುಪಡಿಯಾಯಿತು. ಆಗದೇ ಇದ್ದಿದ್ದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಧ್ವಜ ಹೊಲಿಯುವ ಹೆಣ್ಣುಮಕ್ಕಳ ಕೆಲಸ ಹೇಗಿರುತ್ತಿತ್ತು? ಇದು ತೀರಾ ಹತ್ತಿರದ ಕವಲು. ದಾಖಲೆಗಿಂತ ಜಾಸ್ತಿ, ಹೋಗಿ ಮಾತಾಡಿಸಬೇಕು.

ಹುಬ್ಬಳ್ಳಿ-ಧಾರವಾಡ, 1962. ಎರಡು ಊರಿಗೆ ಒಂದೇ ಮಹಾನಗರ ಪಾಲಿಕೆ ಮಾಡದೇ ಇದ್ದಿದ್ದರೆ? ಬರೆಯೋದು ಸುಲಭ, ಜಗಳ ತಪ್ಪಿಸೋದು ಕಷ್ಟ.

ಕಣಗಿನಹಾಳ, 1905. ಸಹಕಾರಿ ಪತ್ತಿನ ಸಂಘಗಳ ಕಾಯಿದೆ 1904ರಲ್ಲಿ ಬಂತು. ಮರುವರ್ಷವೇ ಗದಗ ಹತ್ತಿರದ ಈ ಹಳ್ಳಿಯಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಕಾಯಿದೆ ಹತ್ತು ವರ್ಷ ತಡವಾಗಿದ್ದರೆ ಸಿದ್ದನಗೌಡರು ಏನು ಮಾಡುತ್ತಿದ್ದರು, ಕಾಯಿದೆ ಬಂದು ಸಿದ್ದನಗೌಡರೇ ಇಲ್ಲದಿದ್ದರೆ ಏನಾಗುತ್ತಿತ್ತು? ಎರಡನ್ನೂ ಬೇರೆ ಬೇರೆ ಬರೆಯಿರಿ. ಕಾನೂನು ದೊಡ್ಡದೋ ಮನುಷ್ಯ ದೊಡ್ಡವನೋ ಅನ್ನುವ ವಾದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ. ಯಾರಾದರೂ ಬರೆದರೆ ನನಗೂ ಒಂದು ಪ್ರತಿ ಕಳಿಸಿ.